ಶಿವನಗೌಡರ ಪಾಳಿ

ಯುದ್ಧದಿಂದ ಮರಳಿದ ಸೈನಿಕನ ಕೆಟ್ಟ ಕನಸನ್ನು ಊರೇ ಹಂಚಿಕೊಳ್ಳಬೇಕೆಂಬ ಕಾನೂನು ಈಗ ರೂಢಿಯಾಗಿತ್ತು. ದಿನಕ್ಕೊಂದು ಮನೆಯ ಪಾಳಿ. ಪಾಳಿಯವರು ಹಣೆಗೆ ಪಟ್ಟಿ ಕಟ್ಟಿಕೊಂಡು ಮಲಗಿದರೆ ಕನಸು ಅವರಿಗೆ ಬೀಳುತ್ತಿತ್ತು, ಸೈನಿಕ ನಿದ್ದೆ ಮಾಡುತ್ತಿದ್ದ. ಯಾರೂ ಕಟ್ಟಿಕೊಳ್ಳದಿದ್ದರೆ ಅದು ಅವನಿಗೇ.

ಇಂದು ಶಿವನಗೌಡರ ಪಾಳಿ. ಸಂಜೆ ಸೈನಿಕ ಮಲ್ಲೇಶಿ ತಾನೇ ಪಟ್ಟಿ ತಂದು, ಜನ ಕೂತಿದ್ದ ಗೌಡರ ಕಟ್ಟೆಯ ಮೇಲಿಟ್ಟ. ಗೌಡರು ಎಂದಿನಂತೆ ಮನೆಗೆಲಸದ ದುರುಗವ್ವನನ್ನು ಕರೆದರು.

"ಕಟ್ಕೊಂಡು ಮಲ್ಕೋ ಹುಡುಗಿ. ಸಣ್ಣ ವಯಸ್ಸು ನಿಂದು, ಎಂಥಾ ಕನಸಾದ್ರೂ ತಡೀತಿ."

ಗೌಡರ ಪಾಳಿಯ ಕನಸುಗಳನ್ನೆಲ್ಲ ಅವಳೇ ಕಂಡಿದ್ದಳು. ಯುದ್ಧ ಬೇಕೆಂದು ಮೆರವಣಿಗೆ ತೆಗೆದವರು ಗೌಡರು, ಮಲ್ಲೇಶಿಗೆ ಹಾರ ಹಾಕಿ ಕಳಿಸಿದವರೂ ಅವರೇ. ಆದರೆ ಅವಳು ಒಲ್ಲೆನೆಂದರೆ ಮಲ್ಲೇಶಿಗೆ ನಿದ್ದೆಯಿಲ್ಲ.

"ಬ್ಯಾಡ ತಂಗಿ," ಎಂದ ಮಲ್ಲೇಶಿ ತಲೆಯೆತ್ತದೆ. "ನೀ ಹೊತ್ತದ್ದು ಸಾಕು. ಇವತ್ತ ನಾನ ನೋಡ್ತೀನಿ."

ದುರುಗವ್ವ ಪಟ್ಟಿ ಎತ್ತಿಕೊಂಡಳು. ಗೌಡರ ರುಮಾಲನ್ನು ತೆಗೆದು ಪಕ್ಕಕ್ಕಿಟ್ಟು, ಅವರ ಹಣೆಗೇ ಪಟ್ಟಿ ಬಿಗಿದಳು. ಕಟ್ಟೆಯ ಮೇಲಿದ್ದ ಜನ ನೋಡುತ್ತಿದ್ದರು. ಬಿಡಿಸಲು ಒಬ್ಬರೂ ಏಳಲಿಲ್ಲ.

"ಏನ್ ಮಾಡಾಕತ್ತಿ?" ಎಂದರು ಗೌಡರು ತಲೆ ಹಿಂದೆಳೆಯುತ್ತ.

"ಪಾಳಿ ನಿಮ್ದರೀ," ಎಂದಳು ಅವಳು ಗಂಟು ಹಾಕುತ್ತ. "ಅಂಜಬ್ಯಾಡ್ರಿ. ಗಾಯ ಆದಾಂವ ಒಬ್ಬ ನೀರು ಕೇಳ್ತಾನ, ಅಷ್ಟ. ನಿಮ್ಮ ಕೈಯಾಗ ಬಾಟ್ಲಿ ತುಂಬ ನೀರು ಇರ್ತೈತಿ. ಕೊಡಾಕ ಕೈ ಮಾತ್ರ ಏಳಂಗಿಲ್ಲ."