ಕೈ ಹಿಡಿಯುವವರು ಬೇಕಿಲ್ಲ

ಯಾರಾದರೂ ಕೈ ಹಿಡಿದುಕೊಂಡರೆ ಮಾತ್ರ ರಕ್ತ ಹೆಪ್ಪುಗಟ್ಟುವ ಕಾಲವದು. ತರಕಾರಿ ಹೆಚ್ಚುವಾಗಲೂ ಜನ ಪಕ್ಕದಲ್ಲೊಬ್ಬರನ್ನು ಕೂರಿಸಿಕೊಳ್ಳುತ್ತಿದ್ದರು. ಒಂಟಿ ಹೆಂಗಸು ಅಂಬಾಬಾಯಿ ಮಾತ್ರ ಈಳಿಗೆಮಣೆಯನ್ನೇ ಅಟ್ಟಕ್ಕೆ ಹಾಕಿಬಿಟ್ಟಿದ್ದಳು.

ಲಿವರಿನ ಕ್ಯಾನ್ಸರ್ ಗಡ್ಡೆಯನ್ನು ಬಿಸಿ ಸೂಜಿ ಚುಚ್ಚಿ ಸುಡುವ ದಿನ, ವರ್ಷಗಳಿಂದ ಮಾತು ಬಿಟ್ಟಿದ್ದ ತಮ್ಮ ಗುಂಡೇರಾಯನನ್ನು ಆಸ್ಪತ್ರೆಗೆ ಕರೆಸಿದಳು. ಅವನು ಮಂಚದ ಪಕ್ಕ ಕೂತು, ಮುಖ ಅತ್ತ ತಿರುಗಿಸಿಕೊಂಡೇ ಕೈ ಚಾಚಿದ.

ಅಷ್ಟರಲ್ಲಿ ಡಾಕ್ಟರು ಒಳಗೆ ಬಂದರು. “ಕೈ ಹಿಡಿಯೋದು ಬೇಕಿಲ್ಲ. ಈ ಸೂಜಿ ಹೊರಗೆ ಬರುವಾಗ ತಾನು ಹೋದ ದಾರಿಯನ್ನೂ ಸುಟ್ಟು ಮುಚ್ಚಿಕೊಂಡೇ ಬರುತ್ತೆ. ರಕ್ತ ಹೆಪ್ಪುಗಟ್ಟದಿದ್ದರೂ ಭಯವಿಲ್ಲ.”

“ಒಳ್ಳೇದಾಯ್ತು. ನಾನಿನ್ನು ಬರ್ತೀನಿ ಅಕ್ಕ,” ಎಂದು ಗುಂಡೇರಾಯ ಎದ್ದ.

ಅವನ ಹೆಜ್ಜೆಯ ಸದ್ದು ಅಡಗುವವರೆಗೂ ಅಂಬಾಬಾಯಿ ಕಾದಳು.

“ಸ್ವಲ್ಪ ರಕ್ತ ಸೋರಬಹುದು ಅಂತ ಹೇಳಬಾರದಿತ್ತೇ, ಡಾಕ್ಟ್ರೇ?”