ಸರ್ಕಾರದ ಬಲೂನು

ಕಲ್ಲಮ್ಮನ ತೋಟದ ತೆಂಗಿನ ಗರಿಗೆ ಸಿಕ್ಕಿಕೊಂಡು ನೇತಾಡುತ್ತಿದ್ದ ಬಿಳಿ ರಬ್ಬರಿನ ಚಿಂದಿಯನ್ನು ಮೊದಲು ಕಂಡವನು ಡೈರಿಗೆ ಹಾಲು ಹಾಕಿ ಬರುತ್ತಿದ್ದ ಮೋಹನ್‌ಕುಮಾರ್. ಚಿಂದಿಗೆ ಉದ್ದನೆಯ ದಾರ, ದಾರದ ತುದಿಗೊಂದು ಥರ್ಮಾಕೋಲ್ ಡಬ್ಬಿ. "ಬಾಂಬು ಇದ್ರೂ ಇರ್ಬೌದು, ಮುಟ್‌ಬ್ಯಾಡ ಕಣಕ್ಕೋ!" ಎಂದು ಬೇಲಿಯಾಚೆಯಿಂದಲೇ ಕೂಗಿದ. ಕಲ್ಲಮ್ಮ ಕೇಳುವವಳೇ! ದೋಟಿ ತಂದು ಎಳೆದು ಕೆಡವಿದಳು. ಬಾಂಬಾದರೆ ಬಾಂಬು, ಹಿಂದೆ ಅಳುವವರು ಯಾರಿದ್ದಾರೆ ಎಂಬ ಧೈರ್ಯ ಅವಳದು. ಡಬ್ಬಿ ಸಿಡಿಯಲಿಲ್ಲ. ಆಮೇಲೆ ಮೋಹನ್‌ಕುಮಾರನೂ ಬೇಲಿ ದಾಟಿ ಬಂದು, ಡಬ್ಬಿಗೆ ಅಂಟಿಸಿದ್ದ ಚೀಟಿ ಓದಿ, "ಥೂ, ಮಳೆ ಆಫೀಸ್ನೋರ್ದು ಕಣಕ್ಕ. ಮೇಲಿನ ಗಾಳಿ ಎಂಗೈತೆ ಅಂತ ನೋಡಕ್ಕೆ ಬಿಡ್ತಾರಲ್ಲ, ಆ ಬಲೂನು. ಫೋನ್ ನಂಬರೂ ಐತೆ" ಎಂದ.

ಊರಿಂದ ದೂರ, ತೋಟದ ನಡುವೆ ಇರುವ ಮನೆ ಅದು. ಗಂಡ ಚೆನ್ನಯ್ಯನ ತಿಥಿಯ ಊಟ ಉಂಡು ಎದ್ದುಹೋದವರು ಮತ್ತೆ ಅತ್ತ ತಲೆ ಹಾಕಿರಲಿಲ್ಲ. ಅಂಥ ಮನೆಗೆ ಈಗ ಜನವೋ ಜನ! ಆಕಾಶದಿಂದ ಬಿದ್ದದ್ದು ಎಂದರೆ ಸುಮ್ಮನೆಯೇ? ನುಗ್ಗೇಹಳ್ಳಿಯಲ್ಲಿ ಬಸ್ಸಿಳಿದು ತಮ್ಮೂರಿಗೆ ಹೋಗುತ್ತಿದ್ದವರೂ ದಾರಿ ಬಿಟ್ಟು ಬಂದು ನೋಡಿದರು. ಕಲ್ಲಮ್ಮ ಡಬ್ಬಿಯನ್ನು ಮಣೆಯ ಮೇಲಿಟ್ಟು ಗಂಧದ ಕಡ್ಡಿ ಹಚ್ಚಿದಳು. ಅಟ್ಟದ ಮೇಲಿದ್ದ ಲೋಟಗಳನ್ನೆಲ್ಲ ಇಳಿಸಿ ತೊಳೆದಳು. ಬಂದವರಿಗೆಲ್ಲ ಕಾಫಿ. ಕಾಫಿ ಕುಡಿದವರು ಸುಮ್ಮನೆ ಏಳುತ್ತಾರೆಯೇ? ರಬ್ಬರನ್ನು ಎಳೆದೆಳೆದು ವಾದಕ್ಕೆ ಕೂತರು.

"ಇದು ಪ್ಲಾಸ್ಟಿಕ್ಕು ಕಣ್ಲಾ."

"ನಿನ್ ತಲೆ. ಪ್ಲಾಸ್ಟಿಕ್ಕು ಇಂಗೆ ಇಗ್ಗತದಾ? ಟ್ಯೂಬಿನ ರಬ್ಬರು."

"ಎಂಥದ್ದಾದ್ರೂ ಆಗ್ಲಿ, ಮೊದ್ಲು ನಂಬರ್‌ಗೆ ಫೋನ್ ಮಾಡ್ಸು ಕಲ್ಲಕ್ಕ. ಸರ್ಕಾರದ್ದು, ಆಮೇಲೆ ನಿನ್ ತಲೆಗೆ ಬಂದಾತು" ಎಂದಳು ಊರೊಳಗಿಂದ ಬಂದಿದ್ದ ಕಾಮಾಕ್ಷಮ್ಮ.

"ಮಾಡ್ಸದು ಬುಡು, ನಾಳಿಕೆ" ಎಂದು ಕಲ್ಲಮ್ಮ ಇನ್ನೊಂದು ಸುತ್ತು ಕಾಫಿಗೆ ಎದ್ದಳು. ಮಾರನೆಯ ದಿನವೂ ಅದೇ ಮಾತು. ಆಫೀಸಿನವರು ಜೀಪಿನಲ್ಲಿ ಬಂದು ಡಬ್ಬಿ ಎತ್ತಿಕೊಂಡು ಹೋದರೆ ಜಗಲಿ ಮತ್ತೆ ಭಣಭಣ.

ಒಂದು ಸಂಜೆ ಮೋಹನ್‌ಕುಮಾರ್ ಯಾರನ್ನೂ ಕೇಳದೆ ತಾನೇ ನಂಬರು ಒತ್ತಿ, "ತಗಳಕ್ಕ, ನೀನೇ ಮಾತಾಡು. ಇಲ್ಲಿ ಸಿಗ್ನಲ್ ಸರ್ಯಾಗಿಲ್ಲ, ತೊಟ್ಟಿತಾವ ಓಗು" ಎಂದು ಫೋನನ್ನು ಅವಳ ಕೈಗೆ ತುರುಕಿದ. ಕಲ್ಲಮ್ಮ ನೀರಿನ ತೊಟ್ಟಿಯ ಹತ್ತಿರ ಹೋಗಿ ನಿಂತಳು.

"ಸಾ, ನಿಮ್ ಬಲೂನು ನಮ್ ತ್ವಾಟದಾಗೆ ಬಿದ್ದೈತೆ. ಜ್ವಾಪಾನವಾಗಿ ಮಡಗಿವ್ನಿ. ಯಾವಾಗ ಬತ್ತೀರಾ?"

"ಅಯ್ಯೋ, ಅದಕ್ಕೆಲ್ಲ ನಾವು ಬರಲ್ಲಮ್ಮ. ಒಂದು ಸಲ ಹಾರಿಸಿದರೆ ಅದರ ಕೆಲಸ ಮುಗೀತು. ಬಿಸಾಕಿಬಿಡಿ."

ಬಿಸಾಕುವುದೇ! ಮಣೆಯ ಮೇಲಿಟ್ಟು ಗಂಧದ ಕಡ್ಡಿ ಹಚ್ಚಿದ್ದನ್ನು? ಕಲ್ಲಮ್ಮ ಫೋನು ಇಟ್ಟುಬಿಡಲು ಮನಸ್ಸಾಗದೆ ಕೇಳಿದಳು: "ಅಲ್ಲ ಸಾ, ಯಾರೂ ಚುಚ್ಚಿಲ್ಲ, ಮುಳ್ಳು ತಾಗಿಲ್ಲ. ಅಂಥ ಗಟ್ಟಿ ರಬ್ಬರು ಯಾಕೆ ಒಡೀತು?"

ಆ ಕಡೆಯವನಿಗೂ ಹೀಗೆ ಕೇಳುವವರು ಸಿಕ್ಕಿರಲಿಲ್ಲವೇನೋ, ಖುಷಿಯಾಗಿಯೇ ಹೇಳಿದ. "ರಬ್ಬರ್ ಮರದ ಹಾಲಲ್ಲಿ ಮಾಡಿರೋದಮ್ಮ ಅದು. ಗಾಳಿಗಿಂತ ಹಗುರದ ಗ್ಯಾಸ್ ತುಂಬಿ ಬಿಡ್ತೀವಿ. ಒಳಗಿನ ಗ್ಯಾಸು ಹೊರಕ್ಕೆ ತಳ್ಳುತ್ತೆ, ಹೊರಗಿನ ಗಾಳಿ ಸುತ್ತಲಿಂದ ಒತ್ತಿ ಹಿಡಿಯುತ್ತೆ. ಅದಕ್ಕೇ ಬಲೂನು ಬಲೂನಾಗಿ ನಿಲ್ಲೋದು. ಮೇಲೆ ಹೋದಷ್ಟೂ ಸುತ್ತಲಿನ ಗಾಳಿ ಕಡಿಮೆ ಆಗ್ತಾ ಹೋಗುತ್ತೆ. ಒತ್ತಿ ಹಿಡಿಯೋದು ಏನೂ ಇಲ್ಲದಾಗ ಉಬ್ಬಿ ಉಬ್ಬಿ ಕೋಣೆಯಷ್ಟು ದೊಡ್ಡದಾಗಿ, ಒಡೆದುಹೋಗುತ್ತೆ. ಯಾರೂ ಚುಚ್ಚಬೇಕಾಗಿಲ್ಲಮ್ಮ."

ಫೋನು ಕಟ್ಟಾಯಿತು. ಕಲ್ಲಮ್ಮನಿಗೆ ಅಳು ಒತ್ತರಿಸಿಕೊಂಡು ಬಂತು. ಸುತ್ತ ಯಾರೂ ಇಲ್ಲದ ತನ್ನ ಕಥೆಯನ್ನೇ ಯಾರೋ ಗುರುತಿಲ್ಲದವನು ದೂರದಲ್ಲಿ ಕೂತು ಹೇಳಿಬಿಟ್ಟನಲ್ಲ ಎನಿಸಿತು. ತೊಟ್ಟಿಯ ನೀರಲ್ಲಿ ಮುಖ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಜಗಲಿಗೆ ಬಂದಳು. ಕೂತಿದ್ದವರೆಲ್ಲ ಅವಳ ಬಾಯನ್ನೇ ನೋಡುತ್ತಿದ್ದರು.

"ಏನಂದ್ರಕ್ಕ? ಯಾವತ್ತು ಬಂದು ತಗಂಡೋಗ್ತಾರಂತೆ?" ಎಂದ ಮೋಹನ್‌ಕುಮಾರ್.

"ತಡ ಆಯ್ತದಂತೆ ಕಣಪ್ಪ. ದೊಡ್ ಸಾಯೇಬ್ರು ರಜದ ಮ್ಯಾಲವ್ರಂತೆ."

ಹುಟ್ಟಿದಾಗಿನಿಂದ ಒಂದು ಸುಳ್ಳನ್ನೂ ತಡವರಿಸದೆ ಹೇಳಿದವಳಲ್ಲ ಕಲ್ಲಮ್ಮ. ಇವತ್ತು ಅದು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಆಶ್ಚರ್ಯವಾಯಿತು.

"ಅಲ್ಲೀಗಂಟ ನೀನೇ ಕಾಯ್ಬೇಕಾ?" ಕಾಮಾಕ್ಷಮ್ಮ ಏಳಲು ಸೆರಗು ಕೊಡವುತ್ತ ಕೇಳಿದಳು.

"ಊಂ ಕಣವ್ವ" ಎಂದಳು ಕಲ್ಲಮ್ಮ, ಅವಳ ಕೈ ಹಿಡಿದು ಮತ್ತೆ ಕೂರಿಸುತ್ತ. "ಆದ್ರೆ ಒಬ್ಳೇ ಮಡಿಕ್ಕಂಡು ಕುಂತ್ಕಬಾರ್ದಂತೆ. ದಿನಾ ಯಾರಾದ್ರೂ ಒಬ್ರು ಬಂದು ನೋಡ್ಕಂಡು ಓಗ್ಬೇಕಂತೆ. ಸರ್ಕಾರದ ಆರ್ಡರ್ರಂತೆ."