ಪ್ಲೇಟಿನ ಮೇಲಿನ ಮಣ್ಣು

"ಏನಮ್ಮ ಅಂಪೈರು, ಕಣ್ಣು ಮನೇಲೇ ಬಿಟ್ಟು ಬಂದ್ಯಾ?" ಎನ್ನುತ್ತ ಕೋಚ್ ವೊಸಿಕಾ ಬೂಟುಗಾಲಿನಿಂದ ಹೋಮ್ ಪ್ಲೇಟಿನ ಮೇಲೆ ಮಣ್ಣು ಎರಚಿದ. ಬಿಳಿ ಹಲಗೆ ಅರ್ಧ ಮುಚ್ಚಿಹೋಯಿತು. ಅದನ್ನು ಮುಟ್ಟಲು ಜಾರಿಕೊಂಡು ಬಂದ ಅವನ ಆಟಗಾರ ಕೋಲ್ಟನ್‌ಗೆ ಲೊರೆಟಾ ಆಗಷ್ಟೇ ಔಟ್ ಕೊಟ್ಟಿದ್ದಳು. ನೆಬ್ರಾಸ್ಕಾದ ಆ ಊರಿನ ಬೇಸ್‌ಬಾಲಿಗೆ ಹೆಣ್ಣು ಅಂಪೈರ್ ಬಂದದ್ದು ಅದೇ ಮೊದಲು. ಮಣ್ಣು ಎರಚಿದವನನ್ನು ಮೈದಾನದಿಂದ ಹೊರಗಟ್ಟುವುದು ವಾಡಿಕೆ. "ಓಡಿಸು ಅವನನ್ನ," ಎಂದು ಎದುರು ತಂಡದವರು ಕೂಗುತ್ತಿದ್ದರು.

ಲೊರೆಟಾ ಹೆಬ್ಬೆರಳು ಎತ್ತಿ ತೋರಿಸಿದರೆ ಮುಗಿಯಿತು, ಅವನು ಹೊರಗೆ. ಆದರೆ ಅವಳ ಕೈ ಜೇಬಿಗೆ ಹೋಯಿತು. ಪ್ಲೇಟು ಗುಡಿಸುವ ಪುಟ್ಟ ಬ್ರಶ್ಶನ್ನು ತೆಗೆದು ಅವನ ಮುಂದೆ ಹಿಡಿದಳು.

"ಗಲೀಜು ಮಾಡಿದ್ದು ನೀವು ಕೋಚ್, ನೀವೇ ಗುಡಿಸಿ. ಬೈಯೋದಿದ್ರೆ ಗುಡಿಸ್ತಾ ಬೈಯಿರಿ."

ವೊಸಿಕಾ ಬ್ರಶ್ಶನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. ಆಮೇಲೆ ಮಂಡಿ ಹಿಡಿದುಕೊಂಡು ಕುಕ್ಕರಿಸಿ ಕೂತ. ಗುಡಿಸುತ್ತ, ತಲೆ ಎತ್ತದೆ ಗೊಣಗಿದ: "ಔಟೇ ಕಣಮ್ಮ, ನಂಗೂ ಕಾಣಿಸ್ತು. ಕೋಲ್ಟನ್ ನಿನ್ ಮೇಲೆ ಏರಿ ಬರೋನಿದ್ದ. ಬಂದಿದ್ರೆ ನೀನು ಅವನ್ನ ಆಟದಿಂದಾನೇ ತೆಗೀತಿದ್ದೆ. ಅದಕ್ಕೇ ನಾನು ಮುಂದೆ ಬಂದೆ."

ಲೊರೆಟಾ ಅವನತ್ತ ಬಾಗಿದಳು. ದೂರದಿಂದ ನೋಡುವವರಿಗೆ ಗದರಿಸುವ ಹಾಗೇ ಕಂಡಿರಬೇಕು.

"ಹಾಗಾದ್ರೆ ಎದ್ದು ಇನ್ನೊಂದ್ಸಲ ಜೋರಾಗಿ ಬೈದು ಹೋಗಿ. ಅವನು ನೋಡ್ತಿದ್ದಾನೆ."

ವೊಸಿಕಾ ಎದ್ದ. ಬ್ರಶ್ಶನ್ನು ಅವಳ ಮೂಗಿನ ಮುಂದೆ ಆಡಿಸುತ್ತ, ಕಣ್ಣು ಕೆಂಪಗೆ ಮಾಡಿ, ಊರಿಗೆಲ್ಲ ಕೇಳುವಂತೆ ಗುಡುಗಿದ: "ಮುಂದಿನ ವಾರದ ಆಟಕ್ಕೂ ನೀನೇ ಬರ್ಬೇಕು, ತಿಳೀತಾ?"